ಶಶಿ ಏನು ಕೆಲಸ ಮಾಡುತ್ತಿದ್ದಳು

ಎಚ್ಚರವಾದಾಗ ಬಲಗಾಲು ಯಾರದೋ ಎಂಬಂತೆ ಬಿದ್ದಿತ್ತು. ಎಳೆದೆ. ಬರಲಿಲ್ಲ. ನಾನಿದ್ದದ್ದು ಹಾಸನದ ದೊಡ್ಡಾಸ್ಪತ್ರೆಯ ಟ್ರಾಮಾ ವಾರ್ಡಿನಲ್ಲಿ. ತೊಡೆಯ ಮೂಳೆ ಮುರಿದಿದೆ, ರಾಡ್ ಹಾಕಬೇಕು ಎಂದರು ಡಾಕ್ಟರು. ನನಗೆ ಬೇಕಿದ್ದದ್ದು ಕಾಲಿನ ಸುದ್ದಿಯಲ್ಲ.

"ಶಶಿ ಎಲ್ಲವ್ವಾ?"

"ಲೇಡೀಸ್ ವಾರ್ಡಲ್ಲವ್ಳೆ ಕಣಪ್ಪ. ನೀನು ಸುಮ್ಕೆ ಮನಿಕೊ" ಎಂದಳು ಅವ್ವ, ಗೋಡೆಯ ಕಡೆ ನೋಡುತ್ತಾ.

ಲೇಡೀಸ್ ವಾರ್ಡಿನಲ್ಲಿ ಶಶಿ ಇರಲಿಲ್ಲ.

ನಾವಿಬ್ಬರೂ ಅರಕಲಗೂಡಿನಿಂದ ಬೈಕಿನಲ್ಲಿ ಚನ್ನರಾಯಪಟ್ಟಣಕ್ಕೆ ಹೊರಟಿದ್ದೆವು, ಸ್ನೇಹಿತರ ಗೃಹಪ್ರವೇಶಕ್ಕೆ. ಹೊಳೆನರಸೀಪುರ ಇನ್ನೂ ಬಂದಿರಲಿಲ್ಲ. ತಿರುವಿನಲ್ಲಿ ಶುಂಠಿ ಮೂಟೆ ಹೇರಿಕೊಂಡಿದ್ದ ಗೂಡ್ಸ್ ಗಾಡಿಯೊಂದು ನಮ್ಮ ಬದಿಗೇ ನುಗ್ಗಿ ಬಂತು. ನನಗೆ ನೆನಪಿರುವುದು ಶುಂಠಿಯ ವಾಸನೆ, ಹೆಗಲ ಮೇಲಿದ್ದ ಹೆಂಡತಿಯ ಕೈ. ಅಷ್ಟೇ. ಅವಳನ್ನು ಮಣ್ಣು ಮಾಡುವ ಹೊತ್ತಿಗೆ ನಾನು ಆಪರೇಷನ್ ಥಿಯೇಟರಿನಲ್ಲಿದ್ದೆ.

ನಾನು ಮಾತಾಡುವ ಸ್ಥಿತಿಯಲ್ಲಿಲ್ಲದ್ದರಿಂದ ಪೊಲೀಸರಿಗೆ ಹೇಳಿಕೆ ಕೊಟ್ಟವರು ಮಾವ, ಶಶಿಯ ಅಪ್ಪ. ಕಟ್ಟಾಯದ ಕಡೆಯ ದೊಡ್ಡ ಮನೆತನ, ಮಾತಿಗಿಂತ ಮೀಸೆ ಮುಂದೆ. ಮಗಳು ಏನು ಕೆಲಸ ಮಾಡುತ್ತಿದ್ದರು ಎಂದು ಕೇಳಿದ್ದಕ್ಕೆ, "ನಮ್ಮನೆ ಎಣ್ಮಕ್ಳು ಯಾವ ಕೆಲ್ಸಕ್ಕೂ ಓಗೋರಲ್ಲ ಸಾ" ಎಂದು ತಲೆ ಎತ್ತಿಯೇ ಹೇಳಿದರಂತೆ. ಅದನ್ನು ಹಾಗೆಯೇ ಬರೆದುಕೊಂಡರು.

ಮನೆಗೆ ಬಂದೆ. ನಡುಮನೆಯಲ್ಲಿ ನನಗೊಂದು ಮಂಚ, ಅದರೆದುರು ಶಶಿಯ ಹೊಲಿಗೆ ಮಿಷನ್ನು. ಗೊಬ್ಬರದ ಅಂಗಡಿಯಲ್ಲಿ ಬಿಲ್ ಬರೆಯುವ ನಾನು ಬೆಳಗ್ಗೆ ಹೋದರೆ ಬರುತ್ತಿದ್ದುದು ಕತ್ತಲಾದ ಮೇಲೆ. ಹಗಲಿನಲ್ಲಿ ನನ್ನ ಮನೆ ಹೇಗಿರುತ್ತದೆ ಎಂದು ನೋಡಿದ್ದೇ ಈಗ. ಬಾಗಿಲಿಗೆ ಒಬ್ಬರಾದ ಮೇಲೆ ಒಬ್ಬರು ಹೆಂಗಸರು ಬರುತ್ತಿದ್ದರು. ಮದುವೆಯ ರವಿಕೆ ಕೊಟ್ಟಿದ್ದವರು, ಮಗಳ ಯೂನಿಫಾರ್ಮಿಗೆ ಅಳತೆ ಕೊಟ್ಟಿದ್ದವರು. ನನ್ನ ಕಾಲು ನೋಡಿ, ಬಟ್ಟೆಯ ಮಾತೆತ್ತದೆ ಕಣ್ಣೊರೆಸಿಕೊಂಡು ಹೋಗುತ್ತಿದ್ದರು. ಹಸುವಿಗೆ ಹುಲ್ಲು ಹಾಕುವುದು, ಡೈರಿಗೆ ಹಾಲು ಹಾಕುವುದು, ಮಗಳು ಕಾವ್ಯಳ ಜಡೆ, ಅವ್ವನ ಶುಗರ್ ಮಾತ್ರೆ, ಎಲ್ಲವೂ ಒಂದೊಂದಾಗಿ ಕೈಕೊಡತೊಡಗಿದವು. ಫಿಸಿಯೋಥೆರಪಿಯವರು ಬಂದು ಮಂಡಿ ಮಡಚಿದಾಗ ಅಳುತ್ತಿದ್ದೆ. ನೋವಿಗೆ ಎಂದುಕೊಳ್ಳುತ್ತಿದ್ದರು. ನೋವಿಗೂ ಹೌದು.

ವಾಕರ್ ಹಿಡಿದು ಬಚ್ಚಲಿನವರೆಗೆ ಹೋಗುವಂತಾದಾಗ ಹೊಳೆನರಸೀಪುರದಿಂದ ವಕೀಲರು ಬಂದರು. ಕಾನೂನು ಸೇವಾ ಸಮಿತಿಯ ಕಡೆಯಿಂದ ಗೊತ್ತಾದ ಹೆಣ್ಣುಮಗಳು.

"ಡ್ರೈವರ್ ಮೇಲಿನ ಕ್ರಿಮಿನಲ್ ಕೇಸು ಸರ್ಕಾರದ್ದು, ಅದರ ಪಾಡಿಗೆ ನಡೀತದೆ. ಪರಿಹಾರದ ಕೇಸು ಮಾತ್ರ ನೀವೇ ಹಾಕ್ಬೇಕು. ಆರು ತಿಂಗಳು ದಾಟಿಸ್ಬೇಡಿ. ನಿಮ್ಮ ಕಾಲಿಗೆ ಒಂದು ಅರ್ಜಿ, ಅವರ ಸಾವಿಗೆ ಬೇರೆ ಅರ್ಜಿ. ಗಾಡಿಯವರು ರಾಜಿಗೆ ಬಂದ್ರೆ ಯಾವ ಕಾಗದಕ್ಕೂ ಸೈನ್ ಹಾಕ್ಬೇಡಿ."

ಮಾವ ಅಲ್ಲೇ ಕೂತಿದ್ದರು. "ಕೋರ್ಟಲ್ಲಿ ಗೆದ್ದೋನು ಸೋತ, ಸೋತೋನು ಸತ್ತ. ಓದ್ ಜೀವ ಬತ್ತದಾ ತಾಯಿ?"

"ಅದು ಜಮೀನು ವ್ಯಾಜ್ಯಕ್ಕೆ ಹೇಳಿದ ಮಾತು ಯಜಮಾನ್ರೇ. ಜೀವ ಬರಲ್ಲ. ನಿಮ್ಮ ಮೊಮ್ಮಗಳ ಓದು ಬರ್ತದೆ."

ಆಮೇಲೆ ಅವರು ಮಾವನ ಹೇಳಿಕೆಯ ವಿಷಯ ತೆಗೆದರು. ಮನೆವಾರ್ತೆಗೂ ಕಾನೂನು ಬೆಲೆ ಕಟ್ಟುತ್ತದೆ, ಆದರೆ ಶಶಿ ಹೊಲಿಗೆ ಮಾಡಿ ದುಡಿಯುತ್ತಿದ್ದುದನ್ನೂ ಹೇಳಬೇಕು, ಅದನ್ನು ಮಾವನೇ ಹೇಳಿದರೆ ಒಳ್ಳೆಯದು ಎಂದರು. ಮಾವ ಟವೆಲ್ ಕೊಡವಿಕೊಂಡು ಎದ್ದರು. "ಮಗ್ಳು ಕಂಡೋರ ಬಟ್ಟೆ ಒಲೀತಿದ್ಲು ಅಂತ ನಾಲ್ಕ್ ಜನದ್ ಮುಂದೆ ಏಳ್ಲಾ? ಆಗಾಕಿಲ್ಲ."

ನನಗೆ ಸಿಟ್ಟು ಬಂತು. ಮಗಳನ್ನು ಕಳಕೊಂಡವರ ಮೇಲೆ ರೇಗುವುದು ಹೇಗೆ? ನುಂಗಿಕೊಂಡೆ.

ಕೇಸು ಹಾಕಿದೆವು. ನನ್ನ ಸಾಕ್ಷಿಯ ದಿನ ಊರುಗೋಲಿನಲ್ಲಿ ಕಟಕಟೆ ಹತ್ತಿದೆ. ಶಶಿಯ ಹೊಲಿಗೆಯ ಬಗ್ಗೆ ಹೇಳಿದೆ. ಇನ್ಶೂರೆನ್ಸ್ ಕಂಪನಿಯ ವಕೀಲರು ಕನ್ನಡಕ ಏರಿಸಿ ಓದಿದರು: "ಮೃತಳು ಯಾವ ಕೆಲಸಕ್ಕೂ ಹೋಗುತ್ತಿರಲಿಲ್ಲ." ತಲೆ ಎತ್ತಿ, "ಹೇಳಿದ್ದು ಆಕೆಯ ತಂದೆ. ಅವರು ಸುಳ್ಳು ಹೇಳ್ತಾರಾ?" ಎಂದರು.

ನಾನು ಹಿಂದಕ್ಕೆ ತಿರುಗಿ ನೋಡಿದೆ.

ಹಿಂದಿನ ಬೆಂಚಿನಲ್ಲಿದ್ದ ಮಾವ ತಲೆ ತಗ್ಗಿಸಿದ್ದರು. ಹೊರಗೆ ಬಂದು ಹೊಂಗೆ ಮರದ ಕೆಳಗೆ ನನ್ನನ್ನು ಕೂರಿಸಿ ತಾವೂ ಪಕ್ಕದಲ್ಲಿ ಕೂತರು. "ನಾನು ಮರ್ವಾದೆಗೆ ಏಳಿದ್ ಮಾತು ಕಣಪ್ಪ. ಅವ್ರ್ ಓದಿದ್ರೆ, ನನ್ ಮಗ್ಳು ದಂಡಕ್ ಇದ್ಲು ಅನ್ನೋ ಅಂಗೆ ಕೇಳುಸ್ತು."

ಮುಂದಿನ ವಾಯಿದೆಗೆ ಅವರೇ ಸಾಕ್ಷಿಗೆ ನಿಂತರು. ಮದುವೆ ಮುಂಜಿಗೆಂದು ಎತ್ತಿಟ್ಟಿದ್ದ ಬಿಳಿ ಅಂಗಿ ತೊಟ್ಟಿದ್ದರು. ಎದುರು ವಕೀಲರು ಅದೇ ಹಳೆಯ ಸಾಲನ್ನು ಓದಿದರು.

"ಏಳಿದ್ದು ನಾನೇ ಸಾ. ಜಂಬಕ್ ಏಳ್ದೆ. ನನ್ ಮಗ್ಳು ದುಡೀತಿದ್ಲು. ಊರ್ನೋರ್ಗೆಲ್ಲ ಒಲೀತಿದ್ಲು. ಈ ಅಂಗೀನೂ ಅವ್ಳೇ ಒಲ್ದಿದ್ದು. ಆಸನದ ಟೇಲರ್ ಒಲ್ದಿದ್ದು ಅಂತ ಎಲ್ರಿಗೂ ಏಳ್ಕೊಂಡ್ ತಿರುಗ್ತಿದ್ದೆ."

ನಾನು ಗಂಡಸು ಎಂಬುದನ್ನು ಮರೆತು ಅತ್ತೆ.

ಆದೇಶ ನಮ್ಮ ಪರವಾಗಿ ಬಂದಿದೆ. ಶಶಿ ಹೊಲಿಗೆಯಿಂದ ದುಡಿಯುತ್ತಿದ್ದಳು, ಮನೆಯನ್ನೂ ನಡೆಸುತ್ತಿದ್ದಳು ಎಂದು ಒಪ್ಪಿದ್ದಾರೆ. ಕಾವ್ಯಳ ಪಾಲು ಅವಳು ದೊಡ್ಡವಳಾಗುವವರೆಗೆ ಬ್ಯಾಂಕಿನಲ್ಲಿರುತ್ತದೆ. ಕಂಪನಿಯವರು ಹೈಕೋರ್ಟಿಗೆ ಹೋದರೂ ಹೋದಾರು, ಈಗಲೇ ಹಿಗ್ಗಬೇಡಿ ಎಂದಿದ್ದಾರೆ ವಕೀಲರು. ರಾಡ್ ಇನ್ನೂ ಕಾಲಿನೊಳಗೇ ಇದೆ. ಚಳಿಗೆ ಸೆಳೆಯುತ್ತದೆ. ಆದರೆ ಅಂಗಡಿಗೆ ಹೋಗುತ್ತಿದ್ದೇನೆ, ಕಾವ್ಯಳ ಜಡೆ ನಾನೇ ಹಾಕುತ್ತೇನೆ. ಸೊಟ್ಟಗಿರುತ್ತದೆ. ಅವಳು ಬಯ್ಯುತ್ತಾ ಸ್ಕೂಲಿಗೆ ಹೋಗುತ್ತಾಳೆ.

ಆದೇಶ ಬಂದ ದಿನ ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿಯುತ್ತಿದ್ದೆವು. ನನ್ನ ಕೈಯ ಕೋಲು ನೋಡಿ ಟೀ ಅಂಗಡಿಯವರು, "ಕೋರ್ಟ್ ಕಡೆಯಿಂದಾ? ಏನು ಕೇಸು ಯಜಮಾನ್ರೇ?" ಎಂದು ಕೇಳಿದರು. ಮೊದಲಾಗಿದ್ದರೆ ಮಾವ ಮುಖ ತಿರುಗಿಸುತ್ತಿದ್ದರು. ಈಗ ಲೋಟ ಕೆಳಗಿಟ್ಟು ಅಂಗಿಯ ಕಾಲರ್ ಸರಿಮಾಡಿಕೊಂಡರು.

"ನನ್ ಮಗ್ಳದು. ಅರಕಲಗೂಡಲ್ಲಿ ಟೇಲರ್ ಆಗಿದ್ಲು."