ಪುಟಕ್ಕೊಂದು ಹೌದು

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳನ್ನು ಎಲ್ಲರೂ ಕರೆಯುವುದು ಹೌದಕ್ಕ ಎಂದು. ಹೆಸರು ಕೇಳಿ, ಎಲ್ಲದಕ್ಕೂ ತಲೆಯಾಡಿಸುವ ಹೆಂಗಸು ಅಂದುಕೊಂಡರೆ ನೀವು ಕೆಟ್ಟಿರಿ. ಇನ್ನೂ ಒದ್ದೆಯಿರುವ ಹಾಸುಗಳನ್ನೇ ಮಡಚಿ ಕಳಿಸಿ ಎಂದು ಮೇಲ್ವಿಚಾರಕ ಅವಸರಪಡಿಸಿದಾಗ, "ಆಗೋಲ್ಲ ಸಾರ್, ಒಣಗ್ಲಿ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುವವಳು ಅವಳೊಬ್ಬಳೇ. ಆ ಹೆಸರು ಬಂದದ್ದು ಬೇರೆ ದಾರಿಯಿಂದ.

ಅವಳು ಹುಟ್ಟಿ ಬೆಳೆದದ್ದು ಒಂದು ಸಭೆಯೊಳಗೆ. ಸಭೆ ಅಂದರೆ ಊರಾಚೆ ಒಂದು ಗೇಟು, ಗೇಟಿನೊಳಗೆ ಸಾಲುಮನೆಗಳು, ಎಲ್ಲರ ತಲೆಯ ಮೇಲೆ ಒಬ್ಬ ಹಿರಿಯರು. ಯಾರು ಯಾರನ್ನು ಮದುವೆಯಾಗಬೇಕು, ಯಾರ ಜೊತೆ ಮಾತು ಬಿಡಬೇಕು, ಎಲ್ಲವೂ ಅವರ ಅಪ್ಪಣೆ. ಓದಲು ಇದ್ದದ್ದು ಅವರೇ ಬರೆದ ಒಂದೇ ಪುಸ್ತಕ. ಸಂಜೆ ಎಲ್ಲರೂ ಬೆನ್ನು ನೆಟ್ಟಗೆ ಮಾಡಿ ಕೂತು, ಸಾಲಿನ ಕೆಳಗೆ ಬೆರಳಿಟ್ಟು ಓದಬೇಕು. ಪುಟ ಮುಗಿದ ಕೂಡಲೇ ಒಕ್ಕೊರಲಿನಿಂದ "ಹೌದು" ಎನ್ನಬೇಕು. ಪುಸ್ತಕವನ್ನು ಅರ್ಧಕ್ಕೆ ಮುಚ್ಚುವುದು ಅಲ್ಲಿ ಕಳ್ಳತನಕ್ಕಿಂತ ದೊಡ್ಡ ತಪ್ಪು.

ಸಭೆ ಬಿಟ್ಟು ಹೋದವರನ್ನು ಸತ್ತವರೆಂದೇ ತಿಳಿಯಬೇಕು ಎಂಬ ಪುಟ ಬಂದ ಒಂದು ಸಂಜೆ ಹೌದು ಎನ್ನಲು ಅವಳಿಗೆ ನಾಲಿಗೆಯೇ ಹೊರಳಲಿಲ್ಲ. ಹಿಂದಿನ ವಾರವಷ್ಟೇ ಅವಳ ಗೆಳತಿ ಗೇಟು ದಾಟಿದ್ದಳು. ಮರುದಿನ ಇವಳೂ ದಾಟಿದಳು. ಅಪ್ಪ, ಅಮ್ಮ, ತಂಗಿ ಎಲ್ಲರ ಪಾಲಿಗೂ ಅಂದೇ ಸತ್ತಳು.

ಕೆಲಸ ಸಿಕ್ಕಿತು, ಬಾಡಿಗೆಗೆ ಒಂದು ಕೋಣೆಯೂ ಸಿಕ್ಕಿತು. ಆದರೆ ಸಂಜೆಯಾದರೆ ಕೈ ಪುಸ್ತಕ ಹುಡುಕುತ್ತಿತ್ತು. ಏನು ಓದಬೇಕೆಂದು ಹೇಳುವವರಿಲ್ಲ. ಆಸ್ಪತ್ರೆಯೆದುರಿನ ಲೈಬ್ರರಿಗೆ ಹೋಗಿ, ಕೈಗೆ ಸಿಕ್ಕಿದ್ದನ್ನು ಎಳೆದುಕೊಂಡು ಕೂತಳು. ಕೋಳಿ ಸಾಕುವ ಪುಸ್ತಕ ಅದು. ಮರಿಗಳ ಭೇದಿಗೆ ಕೊಡುವ ಔಷಧದ ಪುಟ ಮುಗಿಯಿತೋ ಇಲ್ಲವೋ, ಗಟ್ಟಿಯಾಗಿ "ಹೌದು!" ಅಂದುಬಿಟ್ಟಳು. ಕೂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಲೈಬ್ರರಿಯ ಮೇಡಂ ಮಾತ್ರ ಹತ್ತಿರ ಬಂದು, "ಪುಸ್ತಕ ನಿಮ್ಮನ್ನ ಏನೂ ಕೇಳಿಲ್ವಲ್ಲಮ್ಮ, ನೀವ್ಯಾಕೆ ಉತ್ತರ ಕೊಡ್ತೀರಿ?" ಎಂದರು. ಜೊತೆಯಲ್ಲಿ ಕೆಲಸ ಮಾಡುವವಳೊಬ್ಬಳು ಅಲ್ಲೇ ಪೇಪರ್ ಓದುತ್ತಿದ್ದಳು. ಮರುದಿನ ಬೆಳಿಗ್ಗೆ ಇವಳು ಕೆಲಸಕ್ಕೆ ಹೋಗುವ ಮೊದಲೇ ಹೌದಕ್ಕ ಎಂಬ ಹೆಸರು ಅಲ್ಲಿಗೆ ಹೋಗಿ ಕೂತಿತ್ತು.

ಆ ಚಾಳಿ ಬಿಡಿಸಿದ್ದು ಒಂದು ಕಾದಂಬರಿ. ಹಡಗಿನ ಅಡುಗೆಯವನೊಬ್ಬನ ಕಥೆ. ತನ್ನನ್ನು ಹೊಡೆದು ಬಡಿದ ಕಪ್ತಾನನ ಹತ್ತಿರಕ್ಕೇ ಅವನು ವಾಪಸು ಹೋಗುವ ಪುಟ ಮುಗಿದಾಗ ಅವಳ ಬಾಯಿಂದ, "ಅಲ್ಲ ಕಣೋ ಪೆದ್ದ, ಹೋಗ್ಬೇಡ!" ಎಂದು ಬಂತು. ಅಂದು ಬೀದಿಯುದ್ದಕ್ಕೂ ಒಬ್ಬಳೇ ನಗುತ್ತಾ ಮನೆಗೆ ಬಂದಳು. ಆ ಪುಸ್ತಕ ಅಂದರೆ ಅವಳಿಗೆ ಪ್ರಾಣ.

ಎಷ್ಟೋ ವರ್ಷಗಳ ಮೇಲೆ, ಒಂದು ಚೀಲ ಹಿಡಿದುಕೊಂಡು ತಂಗಿ ಬಾಗಿಲಿಗೆ ಬಂದು ನಿಂತಳು. ಅವಳೂ ಗೇಟು ದಾಟಿದ್ದಳು. ಇಬ್ಬರೂ ತಬ್ಬಿಕೊಂಡು ಮನಸಾರೆ ಅತ್ತರು. ಅತ್ತು ಮುಗಿದ ಮೇಲೆ ತಂಗಿ ಕಣ್ಣೊರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತಳು.

"ಅಕ್ಕ, ಇಲ್ಲಿ ಯಾವ ಪುಸ್ತಕ ಓದ್ಬೇಕು? ಸರಿಯಾದದ್ದು ಯಾವುದು ಹೇಳು, ಅದನ್ನೇ ಓದ್ತೀನಿ."

ಹಡಗಿನ ಕಥೆ ಹೌದಕ್ಕನ ನಾಲಿಗೆಯ ತುದಿಗೆ ಬಂದಿತ್ತು. ತಂಗಿಯ ಮುಖ ನೋಡಿ ಅದನ್ನು ನುಂಗಿಕೊಂಡಳು. ತಾನು ಏನು ಕೊಟ್ಟರೂ ಇವಳು ಹೌದು ಎನ್ನುತ್ತಾಳೆ. ಹಿರಿಯರ ಜಾಗಕ್ಕೆ ಅಕ್ಕ ಬಂದು ಕೂತ ಹಾಗಾಗುತ್ತದೆ, ಅಷ್ಟೇ. ಇವಳು ಹೊರಗೆ ಬಂದೂ ಬರದ ಹಾಗೆ.

"ನಾನು ಹೇಳೋಲ್ಲ. ನೀನೇ ಆರಿಸ್ಕೋ" ಎಂದು ಲೈಬ್ರರಿಗೆ ಕರೆದೊಯ್ದಳು.

"ತಪ್ಪು ಪುಸ್ತಕ ತಗೊಂಡ್ರೆ?"

"ತಪ್ಪಾದ್ರೆ ಆಗ್ಲಿ ಬಿಡು, ಯಾರೂ ನಿಲ್ಲಿಸಿ ಬೈಯೋಲ್ಲ."

ತಂಗಿ ಕಪಾಟುಗಳ ನಡುವೆ ಸುತ್ತಿದಳು, ನಿಂತಳು, ಮತ್ತೆ ಸುತ್ತಿದಳು. ಕೊನೆಗೆ ನೂರಾರು ಪುಸ್ತಕಗಳ ನಡುವಿನಿಂದ ಹಡಗಿನ ಕಥೆಯನ್ನೇ ತೆಗೆದುಕೊಂಡು ಬಂದಳು. ಹೌದಕ್ಕನಿಗೆ ಸ್ವರ್ಗಕ್ಕೆ ಮೂರೇ ಗೇಣು. ಒಡಹುಟ್ಟಿದವರು ಅಂದಮೇಲೆ ರುಚಿಯೂ ಒಂದೇ ಇರುತ್ತದೆ ಎಂದು ಹಿಗ್ಗಿದಳು.

ಕೆಲವು ದಿನ ಕಳೆದವು. ಕೆಲಸ ಮುಗಿಸಿ ಬಂದು ಚಪ್ಪಲಿ ಬಿಡುವಷ್ಟರಲ್ಲಿ ತಂಗಿ ಆ ಪುಸ್ತಕ ತಂದು ಮೇಜಿನ ಮೇಲಿಟ್ಟಳು.

"ಕೋಪ ಮಾಡ್ಕೋಬೇಡ ಅಕ್ಕ. ನನಗಿದು ಹಿಡಿಸ್ಲಿಲ್ಲ. ಆ ಅಡುಗೆಯವನು ಬರೀ ಬಾಯಿಬಡುಕ. ಅರ್ಧಕ್ಕೇ ಮುಚ್ಚಿಟ್ಟೆ."

ಹೌದಕ್ಕನಿಗೆ ಚುರ್ ಎಂದಿತು. ತನ್ನ ಅಡುಗೆಯವನು ಬಾಯಿಬಡುಕನೇ? ಜಗಳಕ್ಕೆ ಬಾಯಿ ತೆರೆದವಳಿಗೆ ಅರ್ಧಕ್ಕೇ ಎಂಬ ಮಾತು ಆಮೇಲೆ ಕಿವಿಗೆ ಬಿತ್ತು. ಅಲ್ಲಿ ಹುಟ್ಟಿ, ಅಲ್ಲೇ ಬೆಳೆದ ಹುಡುಗಿ ಪುಸ್ತಕವನ್ನು ಅರ್ಧಕ್ಕೆ ಮುಚ್ಚಿದ್ದಾಳೆ. ತಾನು ಇಷ್ಟು ವರ್ಷವಾದರೂ ಒಂದನ್ನೂ ಅರ್ಧಕ್ಕೆ ಬಿಟ್ಟವಳಲ್ಲ, ಆ ಕೋಳಿ ಪುಸ್ತಕವನ್ನು ಸಹ ಕೊನೆಯವರೆಗೆ ಓದಿಯೇ ಹಿಂತಿರುಗಿಸಿದವಳು! ಹೆಮ್ಮೆಯಿಂದ ತಂಗಿಯ ತಲೆ ಸವರಿದಳು.

"ಹೋಗ್ಲಿ ಬಿಡು. ನಾಳೆ ಹೋಗಿ ಬೇರೆ ತರೋಣ" ಎಂದಳು.

"ತರೋಣ ಅಲ್ಲ, ತರ್ತೀನಿ. ನೀನು ಹೊರಗೇ ನಿಂತಿರು" ಎಂದಳು ತಂಗಿ. "ಆವತ್ತು ನಿನ್ನ ಕಣ್ಣು ಯಾವ ಪುಸ್ತಕದ ಮೇಲೆ ಹೋಗ್ತಾ ಇತ್ತೋ, ಅದನ್ನೇ ನಾನು ತೆಗೆದದ್ದು."

ಮರುದಿನ ತಂಗಿ ಒಳಗೆ ಹೋದಳು. ಹೌದಕ್ಕ ಲೈಬ್ರರಿಯ ಮೆಟ್ಟಿಲ ಮೇಲೆ ಬಾಗಿಲಿಗೆ ಬೆನ್ನು ಮಾಡಿ ಕೂತು, ಹೋಗಿ ಬರುವ ಗುರುತಿನವರಿಗೆಲ್ಲ ಎದೆಯುಬ್ಬಿಸಿ ಹೇಳುತ್ತಿದ್ದಳು: "ನನ್ನ ತಂಗಿ ಒಳಗಿದಾಳೆ. ನನ್ನನ್ನ ಬರ್ಬೇಡ ಅಂದಿದಾಳೆ."