ಜೊತೆಗೆ ಒಬ್ಬರೇ

ಮೊನ್ನೆ ಬೆಳಗ್ಗೆ ಹೆಂಡತಿ ಫೋನಿನಲ್ಲಿ ಮಾತಾಡುತ್ತ ಹಂಚಿನ ಮೇಲಿನ ರೊಟ್ಟಿಯನ್ನು ಮರೆತಳು. ಸುಟ್ಟ ಜೋಳದ ವಾಸನೆ ಪಡಸಾಲೆಯವರೆಗೂ ಬಂತು. ನಾನು ಬೈಯಲಿಲ್ಲ. ಅವಳೂ ಒಳಗಿನಿಂದ ಇಣುಕಿ ನನ್ನ ಮುಖ ನೋಡಿದಳು. ಇಬ್ಬರಿಗೂ ನೆನಪಾದದ್ದು ಪಕ್ಕದ ಮನೆಯ ಕಾಕಾ...

ಮಂಗಸೂಳಿ ಹತ್ತಿರದ ನಮ್ಮ ಊರಿನಲ್ಲಿ ಕಾಕಾನದು ದ್ರಾಕ್ಷಿ ತೋಟ, ಒಂದಿಷ್ಟು ಕಬ್ಬು. ಮಾತು ಕಡಿಮೆ. ಹೆಂಡತಿ ಕಾಕುವಿನೊಂದಿಗಂತೂ ಮಾತೇ ಇರಲಿಲ್ಲ ಎನ್ನಬೇಕು. ಬೇಕಾದದ್ದನ್ನು ಸೊಸೆಗೆ ಹೇಳುವರು, ಸೊಸೆ ಕಾಕುವಿಗೆ ಮುಟ್ಟಿಸುವಳು. ಲಗ್ನಕ್ಕೆ ಹೊರಟರೆ ಕಾಕಾ ಮುಂದೆ, ಕಾಕು ದೂರದಲ್ಲಿ ಹಿಂದೆ. ಜಗಳವೇನೂ ಅಲ್ಲ. ಆ ಕಾಲದ ಗಂಡಹೆಂಡಿರು ಹಾಗೇ ಇದ್ದರು. ಮಂದಿ ಎದುರು ಸಲಿಗೆ ತೋರಿದರೆ ನಗುತ್ತಾರೆಂಬ ಅಂಜಿಕೆ.

ಕಾಕುವಿನ ಕಣ್ಣಿನ ಹಿಂದೆ ಗಡ್ಡೆಯೊಂದು ಕಾಣಿಸಿಕೊಂಡಿತು. ಅದು ಕತ್ತರಿ ಹಾಕುವಂಥ ಜಾಗವಲ್ಲ ಎಂದರು ಮಿರಜದ ಡಾಕ್ಟರು. ಬೇರೆ ಬಗೆಯ ಕಿರಣ ಚಿಕಿತ್ಸೆಯಿದೆ, ಅದು ನಮ್ಮಲ್ಲಿನ್ನೂ ಬಂದಿಲ್ಲ, ಜರ್ಮನಿಗೆ ಹೋಗಬೇಕು, ತಡಮಾಡಿದರೆ ಕಣ್ಣಷ್ಟೇ ಅಲ್ಲ, ಜೀವಕ್ಕೂ ಅಪಾಯ ಎಂದರು. ಊರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವನು ನಾನು. ಹೀಗಾಗಿ ಆಸ್ಪತ್ರೆಗೆ ಬರೆಯುವುದು, ಖರ್ಚಿನ ಅಂದಾಜು ಹಾಕುವುದು ನನ್ನ ಕೊರಳಿಗೆ ಬಿತ್ತು. ವಿಮಾನವನ್ನು ನಾನು ಆಕಾಶದಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿರಲಿಲ್ಲ.

ನಮ್ಮ ಕಡೆ ಆಸ್ಪತ್ರೆಗೆ ಯಾರೂ ಒಬ್ಬೊಬ್ಬರೇ ಹೋಗುವುದಿಲ್ಲ. ಮಿರಜಕ್ಕೆ ಹೊರಟರೆ ಜೀಪು ತುಂಬ ಜನ, ಹಾಸಿಗೆ ಸುರುಳಿ, ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ. ಹೆಂಗಸರು ಮಂಚದ ಪಕ್ಕದಲ್ಲಿ, ಗಂಡಸರು ಹೊರಗೆ ಗಿಡದ ನೆರಳಲ್ಲಿ. ಜರ್ಮನಿಯ ಲೆಕ್ಕವನ್ನೂ ಮನೆಯವರು ಹಾಗೇ ಹಾಕಿದರು. ಓಡಾಟಕ್ಕೆ ಮಗ ಬೇಕು, ಅಡುಗೆಗೆ ಸೊಸೆ ಬೇಕು, ತಾಯಿಯ ಪಕ್ಕ ಮಲಗಲು ಮಗಳು ಬೇಕು. ಏಕಸಂಬಿಯಿಂದ ಬಂದ ಕಾಕುವಿನ ತಮ್ಮ, "ಅಕ್ಕನ್ನ ಪರದೇಶಕ್ಕ ಕಳಿಸಿ ನಾ ಮನ್ಯಾಗ ಕುಂಡ್ರಲ್ಯಾ?" ಎಂದು ಕಣ್ಣೊರೆಸಿಕೊಂಡರು. ಯಾರನ್ನು ಬಿಡಿ ಎನ್ನಲಿ? ಎಲ್ಲರ ಟಿಕೆಟ್ಟು, ವೀಸಾ, ವಿಮೆ, ಊಟ ಕೂಡಿಸಿದೆ. ಮೊತ್ತ ತಪ್ಪಿರಬೇಕೆಂದು ಮತ್ತೊಮ್ಮೆ ಕೂಡಿಸಿದೆ. ಇಟ್ಟ ಒಣದ್ರಾಕ್ಷಿಯನ್ನೆಲ್ಲ ಮಾರಿದರೂ ಅದರ ಅರ್ಧಕ್ಕೆ ಬರುತ್ತಿರಲಿಲ್ಲ.

ಆಸ್ಪತ್ರೆಯ ಉತ್ತರ ಬಂದು ನನ್ನನ್ನು ಉಳಿಸಿತು. ಚಿಕಿತ್ಸೆ ಐದು ವಾರ. ಇಳಿದುಕೊಳ್ಳಲು ಸಣ್ಣದೊಂದು ಕೋಣೆ, ಅದರಲ್ಲೇ ಒಲೆ. ರೋಗಿಯ ಜೊತೆಗೆ ಒಬ್ಬರೇ. ಓದಿ ಹೇಳಿದ ಮೇಲೆ ನಾನು ತಾನು ಎಂದು ವಾದ ನಡೆಯಿತು. ಕೊನೆಗೆ ಮಗ ಹೋಗುವುದೆಂದಾಯಿತು. ಕಾಕಾ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಅವರ ಹೆಸರನ್ನು ಯಾರೂ ಎತ್ತಲೂ ಇಲ್ಲ. ಹೊರಡುವುದು ಅಕ್ಟೋಬರಿನಲ್ಲಿ, ಬಳ್ಳಿ ಕತ್ತರಿಸುವ ಚಾಟ್ನಿಯ ದಿನಗಳಲ್ಲಿ. ಆಗ ಕಾಕಾ ತೋಟ ಬಿಟ್ಟು ಅಥಣಿಗೂ ಹೋದವರಲ್ಲ.

ಮರುದಿನ ಸಂಜೆ ನಮ್ಮ ಬಾಗಿಲಲ್ಲಿ ಬಂದು ನಿಂತರು. ಕೂರಿ ಎಂದರೂ ಕೂರಲಿಲ್ಲ.

"ಮಾಸ್ತರ, ಆ ಒಬ್ಬಾಂವ ನಾನ ಆದ್ರ ನಡೀತೈತೇನ್ರಿ?"

ನಾನು ತಬ್ಬಿಬ್ಬಾಗಿ, "ತ್ವಾಟ, ಕಾಕಾ?" ಎಂದೆ.

"ತ್ವಾಟ ಹುಡುಗ ನೋಡ್ಕೋತಾನ. ಅಲ್ಲಿ ಹೊರಗ ಉಂಡ್ರ ಭಾಳ ಖರ್ಚ ಅಂದ್ರೆಲ್ಲಾ... ನಾ ಮಾಡಿ ಹಾಕಿದ್ರ ಅಷ್ಟ ರೊಕ್ಕ ಉಳೀತೈತಿ." ಮುಖ ಆ ಕಡೆ ತಿರುಗಿಸಿ ಹೇಳಿದರು. ರೊಕ್ಕದ ಮಾತು ಬರೀ ನೆಪ ಎಂಬುದು ನಮ್ಮ ಮನೆಯ ಬೆಕ್ಕಿಗೂ ತಿಳಿಯುವಂತಿತ್ತು.

"ಅಡಗಿ ಬರ್ತೈತೇನ್ರಿ?"

"ತಂಗೆವ್ವ ಕಲಿಸಿದ್ರ ಕಲೀತೀನಿ," ಎಂದು ನನ್ನ ಹೆಂಡತಿಯತ್ತ ನೋಡಿದರು.

ಹೀಗೆ ನಮ್ಮ ಅಡುಗೆಮನೆಯಲ್ಲಿ ಅವರ ಶಾಲೆ ಶುರುವಾಯಿತು. ಸ್ವಂತ ಮನೆಯಲ್ಲಿ ಸೊಸೆಯ ಎದುರು ಒಲೆ ಮುಂದೆ ಕೂರಲು ನಾಚಿಕೆ. ಮನೆಯಲ್ಲಿ ಮಾತ್ರ, ಆಸ್ಪತ್ರೆಯ ಕಾಗದ ತಿಳಿಯಲೆಂದು ಮಾಸ್ತರರ ಹತ್ತಿರ ಇಂಗ್ಲಿಷ್ ಕಲಿಯುತ್ತಿದ್ದೇನೆ ಎಂದು ಹೇಳಿದ್ದರು! ಬಳ್ಳಿಗೆ ಕತ್ತರಿ ಹಾಕುವಾಗ ಚಿಗುರೊಡೆಯುವ ಒಂದು ಕಣ್ಣೂ ತಪ್ಪದ ಆ ಕೈಯಲ್ಲಿ ರೊಟ್ಟಿ ಹರಿಯುತ್ತಿತ್ತು, ಇಲ್ಲವೇ ಕರಕಾಗುತ್ತಿತ್ತು. ಹೆಂಡತಿ ಮುಲಾಜಿಲ್ಲದೆ ನಗುತ್ತಿದ್ದಳು. ಕರಕಾದದ್ದೆಲ್ಲ ನಮ್ಮ ಎಮ್ಮೆಗೆ.

ಒಂದು ದಿನ ಅವಳು, ಕಾಕುವಿಗೆ ಯಾವ ಪಲ್ಯ ಸೇರುತ್ತದೆ, ಅದನ್ನೇ ಮೊದಲು ಹೇಳಿಕೊಡುತ್ತೇನೆ ಎಂದಳು. ಕಾಕಾ ಬೆರಳುಗಳಿಗೆ ಅಂಟಿದ ಹಿಟ್ಟನ್ನು ಉಜ್ಜತೊಡಗಿದರು.

"ಗೊತ್ತಿಲ್ಲವಾ... ಕೇಳೇ ಇಲ್ಲ ನಾ."

ನನಗೆ ಅವರ ಮೇಲೆ ಎಂದೂ ಇಲ್ಲದ ಪ್ರೀತಿ ಬಂದದ್ದು ಆಗಲೇ.

ತಾನೇ ಹೋಗುವುದೆಂದು ಅವರು ಮನೆಯಲ್ಲಿ ಹೇಳಿದಾಗ ಮಗ ಮೊದಲು ನಕ್ಕ, ತಂದೆಯ ಮುಖ ನೋಡಿ ಒಪ್ಪಿಕೊಂಡ. ಕಾಕು ಸೆರಗು ಬಾಯಿಗೊತ್ತಿಕೊಂಡು ಒಳಗೆ ಎದ್ದುಹೋದರು. ಇಬ್ಬರೇ ಹೋದರು. ಗಡ್ಡೆ ಕರಗಿತು, ಕಣ್ಣೂ ಉಳಿಯಿತು. ತಿರುಗಿ ಬಂದ ಮೇಲೆ ಎಲ್ಲ ಯಥಾಪ್ರಕಾರ... ಕಾಕಾ ತೋಟದಲ್ಲಿ, ಕಾಕು ಒಳಗೆ, ನಡುವೆ ಸೊಸೆ. ಜರ್ಮನಿ ಹೇಗಿತ್ತು ಎಂದರೆ, "ಥಂಡಿ ಭಾಳ್ರಿ" ಎನ್ನುವರು, ಅಷ್ಟೇ. ಇಷ್ಟೆಲ್ಲ ಮಾಡಿಯೂ ಈ ಮನುಷ್ಯ ಬದಲಾಗಲಿಲ್ಲವಲ್ಲ ಎಂದು ನನಗೆ ಸಿಟ್ಟೂ ಬಂದಿತ್ತು.

ಹೋದ ವರ್ಷ ಕಾಕಾ ತೀರಿಕೊಂಡರು. ಎದೆನೋವು ಎಂದವರು ಮಿರಜ ಮುಟ್ಟಲಿಲ್ಲ.

ಮೊನ್ನೆ ರೊಟ್ಟಿ ಸುಟ್ಟ ದಿನವೇ ಸಂಜೆ ಕಾಕುವನ್ನು ಮಾತಾಡಿಸಲು ಹೋದೆ. ಕಟ್ಟೆಯ ಮೇಲೆ ಸೊಸೆ ಅವರ ತಲೆ ಬಾಚಿ ಎದ್ದುಹೋದಳು. ಕಾಕು ತಾವಾಗಿಯೇ ಮಾತು ತೆಗೆದರು.

"ಜರ್ಮನ್ಯಾಗ ನನ್ನ ತಲಿ ಅವ್ರ ಬಾಚ್ತಿದ್ರು. ನೋವಾಗ್ತೈತೇನ, ನೋವಾಗ್ತೈತೇನ ಅಂತ ಕೇಳ್ಕೋತ. ಇಡೀ ದಿನಾ ಮಾತಾಡ್ತಿದ್ರು ಮಾಸ್ತರ, ಸಣ್ಣಾವಿದ್ದಾಗಿಂದು ಎಲ್ಲಾ ಹೇಳಿದ್ರು... ಆರಾಮ ಆತು, ಇನ್ನ ಊರಿಗಿ ಹೋಗ್ರಿ ಅಂತ ಡಾಕ್ಟರ್ ಅಂದಾಗ ಅವ್ರು ಕೈ ಮುಗದ್ರು. ನನಗ ಅಳು ತಡೀಲಿಲ್ಲ. ಖುಷಿಗಿ ಅಳಾಕತ್ತಾಳ ಅಂತ ತಿಳಕೊಂಡ್ರು."

ಸೊಸೆ ಬಿಟ್ಟುಹೋದ ಹಣಿಗೆಯನ್ನು ಕೈಗೆತ್ತಿಕೊಂಡರು.

"ಇನ್ನೊಂದ ನಾಕ ದಿನಾ ಇರೂನು ಅನ್ನಾಕ ಬಾಯಿ ಬರಲಿಲ್ಲ ನೋಡ್ರಿ ನನಗ," ಎಂದರು ಕಾಕು. "ಈಗ ಯಾರಿಗಿ ಹೇಳ್ಲಿ?"