ನಾಳೆ ಕಾಯಿ

ಮದ್ರಾಸಿನ ರಾಯಪುರಂನ ಹೋಟೆಲುಗಳಲ್ಲಿ ಇಡ್ಲಿ ಹಿಟ್ಟನ್ನು ಹೆಂಗಸರ ಕೈಯೇ ರುಬ್ಬುತ್ತಿದ್ದ ಕಾಲ ಅದು. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಮೂರು ಗಂಟೆಗೆ ಮತ್ತೊಮ್ಮೆ ಕಲ್ಲು ತಿರುಗತೊಡಗಿದರೆ ಅಂಥ ಒಂದು ಹೋಟೆಲಿನ ಹಿತ್ತಲಲ್ಲಿದ್ದ ನಮ್ಮ ಕೋಣೆಯ ಗೋಡೆ ಅದುರುತ್ತಿತ್ತು. ನೆನೆದ ಉದ್ದಿನ ವಾಸನೆ, ಬಂದರಿನ ಕಡೆಯ ಒಣಮೀನಿನ ವಾಸನೆ, ಎರಡೂ ಒಂದೇ ಕಿಟಕಿಯಿಂದ ಒಳಗೆ ಬರುತ್ತಿದ್ದವು. ಚಂದವೇನೂ ಇರಲಿಲ್ಲ. ಮೂಗಿಗೆ ಅಭ್ಯಾಸವಾಗಿತ್ತು, ಅಷ್ಟೆ.

ಇದನ್ನು ಈಗ ಹೇಳುವುದಕ್ಕೆ ಮೊಮ್ಮಗಳು ಕಾರಣ. ಮೊನ್ನೆ ಅವಳು ಚರಿತ್ರೆಯ ಪಾಠ ಓದುತ್ತಿದ್ದಳು. ಯಾವುದೋ ರಾಜನ ಮೇಲೆ ಪಾಳೆಯಗಾರರೆಲ್ಲ ಒಟ್ಟಾಗಿ ದಂಗೆ ಎದ್ದರಂತೆ. ಒಬ್ಬ ಮಾತ್ರ ಹೇಳಿದ ದಿನ ಬರಲಿಲ್ಲವಂತೆ. ಅವನಿಂದ ಎಲ್ಲರೂ ಸೋತರಂತೆ. "ಅವನ್ ತುರೋಗಿ, ಪಾಟ್ಟಿ" ಅಂದಳು. ದ್ರೋಹಿ ಅಂತ. ನನ್ನನ್ನು ಅಜ್ಜಿ ಅನ್ನಲು ಅವಳ ನಾಲಿಗೆ ತಿರುಗುವುದಿಲ್ಲ. ಅವನಿಗೆ ಸುದ್ದಿ ಒಯ್ದವರು ಯಾರು ಎಂದು ಕೇಳಿದೆ. ಅದು ಪುಸ್ತಕದಲ್ಲಿ ಇಲ್ಲ ಅಂದಳು.

ನನ್ನ ಅಪ್ಪ ಆ ಹೋಟೆಲಿನಲ್ಲಿ ಅಡಿಗೆಗಿದ್ದವರು. ನಾವು ಕುಂದಾಪುರದ ಕಡೆಯವರು, ಹೋಟೆಲಿನ ಧಣಿಗಳೂ ಅಲ್ಲಿಯವರೇ. ಅಪ್ಪ ಜ್ವರ ಬಂದು ಸತ್ತ ಮೇಲೆ ಧಣಿಗಳು ಅಮ್ಮನನ್ನು ಊರಿಗೆ ಕಳಿಸದೆ ಕಾಯಿ ಹೆರೆಯುವ ಕೆಲಸಕ್ಕೆ ಕೂರಿಸಿದರು. ದಿನಕ್ಕೆ ಎರಡು ಬುಟ್ಟಿ ಕಾಯಿ ತುರಿಯಬೇಕು. ಅಮ್ಮನಿಗೆ ತಮಿಳು ಬರುತ್ತಿರಲಿಲ್ಲ. ಸೊಪ್ಪು ಕೊಳ್ಳಲೂ ಅವಳ ಜೊತೆ ನಾನು ಹೋಗಬೇಕು. ನನಗೆ ಒಂಬತ್ತು ವರ್ಷ, ಬೀದಿಯಲ್ಲಿ ಆಡಿ ಆಡಿ ತಮಿಳು ಬಾಯಿಗೆ ಬಂದಿತ್ತು.

ಕಲ್ಲಿಗೆ ಕೂರುವವರು ಮೂವರು, ಕಡಲ ದಂಡೆಯ ಕುಪ್ಪದವರು, ಅಂದರೆ ಬೆಸ್ತರ ಕೇರಿಯವರು. ಅವರಲ್ಲಿ ಹಿರಿಯಳು ಅಂಜಲೈ. ದೊಡ್ಡ ಗಂಟಲು, ದೊಡ್ಡ ಕೈ. ಅಮ್ಮನೂ ಅವಳೂ ಭಾಷೆಯಿಲ್ಲದೆಯೇ ಗೆಳತಿಯರಾಗಿದ್ದರು. ಅವಳು ಅಮ್ಮನಿಗೆ ಎಲೆಯಡಿಕೆ ಮಡಿಸಿ ಕೊಡುತ್ತಿದ್ದಳು, ಅಮ್ಮ ಅವಳಿಗೆ ಒಂದು ಹಿಡಿ ಕಾಯಿತುರಿ ಬೆಲ್ಲ ಕಲಸಿ ಕೊಡುತ್ತಿದ್ದಳು. ಉಳಿದ ಮಾತೆಲ್ಲ ನನ್ನ ಬಾಯಿಂದ.

ಆ ವರ್ಷ ಮಳೆ ನಿಂತ ಮೇಲೆ ಒಂದು ಸುದ್ದಿ ಬಂತು. ಧಣಿಗಳು ಕೊಯಮತ್ತೂರಿನಿಂದ ರುಬ್ಬುವ ಯಂತ್ರ ತರಿಸುತ್ತಾರೆ, ಮೂವರಿಗೂ ಇನ್ನು ಕೆಲಸವಿಲ್ಲ. ಅಂಜಲೈ ಅಮ್ಮನ ಹತ್ತಿರ ಬಂದು ಕೂತಳು. ನಾನು ನಡುವೆ ಕೂತೆ. ಯಂತ್ರ ಬೇಕಾದರೆ ಬರಲಿ, ನಮಗೆ ಬೇರೆ ಕೆಲಸ ಕೊಡಲಿ ಅಂತ ಕೇಳುತ್ತೇವೆ, ಒಂದು ದಿನ ಎಲ್ಲರೂ ಕೈ ಕಟ್ಟಿ ಹೊರಗೆ ಕೂರುತ್ತೇವೆ ಅಂದಳು. ಹಿಟ್ಟು ನಿಂತರೆ ಧಣಿಗಳು ಪಕ್ಕದ ಹೋಟೆಲಿನಿಂದ ತರಿಸಿಯಾರು. ಕಾಯಿಯೂ ನಿಂತರೆ ಚಟ್ನಿಯೂ ಇಲ್ಲ, ಸಾಗೂ ಇಲ್ಲ, ಬಾಗಿಲು ಹಾಕಬೇಕು, ಅದಕ್ಕೆ ನೀನೂ ಬಾ ಅಂದಳು. ಅಮ್ಮ ಧಣಿಗಳ ಅನ್ನ ತಿಂದವಳು. ತುಂಬ ಹೊತ್ತು ಹೆರಮಣೆಯ ಹಲ್ಲು ಒರೆಸುತ್ತಿದ್ದಳು. ಆಮೇಲೆ "ಬತ್ತೆ ಅಂತ ಹೇಳ್" ಅಂದಳು. ನಾನು ಹೇಳಿದೆ. ದಿನ ಯಾವುದೆಂದು ಆಮೇಲೆ ತಿಳಿಸುವುದಾಗಿ ಹೇಳಿ ಅಂಜಲೈ ಎದ್ದಳು.

ನನಗೋ ಹಬ್ಬ. ಬೀದಿಯಲ್ಲಿ ನಾವು ಆಡುತ್ತಿದ್ದದ್ದೂ ಅದೇ ಆಟ. ಒಬ್ಬ ರಾಜ, ಉಳಿದವರು ದಂಗೆಕೋರರು. ಜೊತೆ ಬಿಟ್ಟವನಿಗೆ ಕಿರುಬೆರಳನ್ನು ಗಲ್ಲದ ಕೆಳಗಿಟ್ಟು 'ಕಾಯ್' ಅನ್ನಬೇಕು. ಅಂದರೆ ಇನ್ನು ನಿನಗೂ ನನಗೂ ಮಾತಿಲ್ಲ. ಮತ್ತೆ ಒಂದಾಗುವಾಗ ಎರಡು ಬೆರಳು ಮುಂದೆ ಮಾಡಿ 'ಪಳಂ' ಅನ್ನಬೇಕು. ಮದ್ರಾಸಿನ ಮಕ್ಕಳಿಗೆಲ್ಲ ಗೊತ್ತಿದ್ದ ಮಾತು.

ನಾಲ್ಕು ದಿನ ಕಳೆಯಿತು. ಸಂಜೆ ನಾನು ನೀರಿನ ಪಂಪಿನ ಹತ್ತಿರ ಕೊಡ ಹಿಡಿದು ನಿಂತಿದ್ದೆ. ಧಣಿಗಳ ಹೆಂಡತಿ ಮೆಟ್ಟಿಲ ಮೇಲೆಯೇ ಇದ್ದರು. ಅಂಜಲೈ ಕೈ ತೊಳೆಯುವ ನೆವದಲ್ಲಿ ಬಗ್ಗಿ, "ಅಮ್ಮಾಕಿಟ್ಟ ಸೊಲ್ಲು, ನಾಳೈಕ್ಕು ಕಾಯ್" ಅಂದು ಕಣ್ಣು ಹೊಡೆದಳು. ಅಮ್ಮನಿಗೆ ಹೇಳು, ನಾಳೆ ಧಣಿಗಳಿಗೆ ಕಾಯ್ ಅಂತ. ದೊಡ್ಡವಳು ನಮ್ಮ ಆಟದ ಮಾತು ಆಡಿದ್ದು ನೋಡಿ ನನಗೆ ನಗು ತಡೆಯಲಿಲ್ಲ. ಓಡಿ ಹೋಗಿ ಒಲೆ ಊದುತ್ತಿದ್ದ ಅಮ್ಮನಿಗೆ ಹೇಳಿದೆ.

"ಅಂಜಲೈ ಹೇಳಿದ್ಳ್. ನಾಳೆ ಕಾಯಿ ಅಂಬ್ರ್."

"ಹೌದಾ" ಅಂದಳು ಅಮ್ಮ. ಅಷ್ಟೆ. ಬೇಗ ಉಂಡು ಮಲಗಿದಳು.

ಬೆಳಿಗ್ಗೆ ನಾನು ಎದ್ದಾಗ ಅಮ್ಮ ಕೋಣೆಯಲ್ಲಿ ಇರಲಿಲ್ಲ. ಹೊರಗೆ ಬಂದೆ. ಹಿಂದಿನ ಗೇಟಿನ ಆಚೆ ಮೂವರೂ ಕಟ್ಟೆಯ ಮೇಲೆ ಕೈ ಕಟ್ಟಿ ಕೂತಿದ್ದರು. ಒಳಗಿನಿಂದ ಕಾಯಿ ಹೆರೆಯುವ ಸದ್ದು ಬರುತ್ತಿತ್ತು.

ನಮಗೆ ಕಾಯಿ ಅಂದರೆ ತೆಂಗಿನಕಾಯಿ. ದೊಡ್ಡ ಆರ್ಡರ್ ಬಂದಾಗೆಲ್ಲ ಇಂಥದೇ ಹೇಳಿಕೆ ಬರುತ್ತಿತ್ತು, ನಾಳೆ ಕಾಯಿ ಹೆಚ್ಚಿದೆ, ಬೇಗ ಬಾ ಅಂತ. ಅಮ್ಮ ಆ ಮೂವರಿಗಿಂತ ಮೊದಲೇ ಬಂದು, ಎರಡಲ್ಲ ಮೂರು ಬುಟ್ಟಿ ಇಟ್ಟುಕೊಂಡು ಕೂತಿದ್ದಳು.

ಧಣಿಗಳು ಗೇಟಿಗೆ ಬಂದು, ನಿಮ್ಮ ಗೆಳತಿ ಒಳಗಿದ್ದಾಳೆ, ನೀವು ಯಾಕೆ ಹೊರಗೆ ಅಂದರು. ನಕ್ಕರೂ ಕೂಡ. ಅಂಜಲೈ ನಂಬಲಿಲ್ಲ. ಎದ್ದು ಬಾಗಿಲಿನವರೆಗೆ ಬಂದಳು. ಅಮ್ಮ ತಲೆಯೆತ್ತಿ ಅವಳನ್ನು ನೋಡಿ ನಕ್ಕಳು. ಅಂಜಲೈ ಕಿರುಬೆರಳನ್ನು ಗಲ್ಲದ ಕೆಳಗಿಟ್ಟಳು, ತಿರುಗಿ ಹೋದಳು. ಅಮ್ಮ ಗೇಟಿನ ಆಚೆ ಉಳಿದಿಬ್ಬರನ್ನು ನೋಡಿದಳು. ಕೈಯಲ್ಲಿದ್ದ ಕಾಯಿ ಹೋಳು ಬುಟ್ಟಿಗೆ ಬಿತ್ತು.

ನಾನು ಪಂಪಿನ ಹಿಂದೆ ನಿಂತಿದ್ದೆ. ಅಲ್ಲಿ ಬಾಯಿ ಬಿಟ್ಟಿದ್ದರೆ ಒಂದು ನಿಮಿಷದ ಕೆಲಸ. ಬಿಡಲಿಲ್ಲ. ಹೊಡೆಯುತ್ತಾರೆ ಅಂತ ಹೆದರಿಕೆ, ಬೇರೇನಿಲ್ಲ.

ಮಧ್ಯಾಹ್ನ ಅಮ್ಮ ಕೇಳಿದಳು. "ನಿನ್ನೆ ಅವ್ಳ್ ಬೇರೆ ಎಂತಾರೂ ಹೇಳಿದ್ಳಾ?"

"ಇಲ್ಲೆ. ಕಾಯಿ ಅಂತ ಮಾತ್ರ."

"ಅವ್ಳ ಮನಿಗ್ ಹೋಗ್. ನಂಗೆ ಗೊತ್ತಾಯ್ಲಿಲ್ಲೆ ಅಂತ ಹೇಳ್. ನಾಳಿಂದ ನಾನೂ ಹೊರಗೆ ಕೂಕಂತೆ ಅಂತ ಹೇಳ್."

ಹೊರಟೆ. ಬೀದಿಯ ಮೂಲೆಯ ಐಸ್ ಅಂಗಡಿಯವರೆಗೆ ಹೋದೆ. ಅಲ್ಲಿಂದ ಕುಪ್ಪ ಕಾಣುತ್ತದೆ, ಬಲೆ ಒಣಗಿಸಿದ್ದು ಕಾಣುತ್ತದೆ. ಅಲ್ಲೇ ಕಲ್ಲಿನ ಮೇಲೆ ಕೂತೆ. ಹೋಗಿ ಬರುವಷ್ಟು ಹೊತ್ತು ಆದ ಮೇಲೆ ಎದ್ದು ಬಂದು, ಹೇಳಿದೆ ಅಂದೆ. ಅವಳೆಂತ ಅಂದಳು ಎಂದು ಅಮ್ಮ ಕೇಳಿದಳು. ಎಂತದೂ ಹೇಳಲಿಲ್ಲ ಅಂದೆ.

ಮರುದಿನ ಅಮ್ಮ ಗೇಟಿನ ಆಚೆ ಕೂರಲು ಹೋದಳು. ಕಟ್ಟೆ ಖಾಲಿ ಇತ್ತು. ಆ ವಾರದಲ್ಲೇ ಯಂತ್ರ ಬಂತು. ಮೂವರಲ್ಲಿ ಯಾರನ್ನೂ ಮತ್ತೆ ಆ ಬೀದಿಯಲ್ಲಿ ನೋಡಲಿಲ್ಲ. ಅಮ್ಮನ ನಿಯತ್ತಿಗೆಂದು ಧಣಿಗಳ ಹೆಂಡತಿ ಒಂದು ಸೀರೆ ಕೊಟ್ಟರು. ಅಮ್ಮ ಅದನ್ನು ಉಡಲಿಲ್ಲ, ಕಾಯಿ ಬುಟ್ಟಿಗೆ ಮುಚ್ಚಿದಳು. ಮುಂದೆ ಮೂವತ್ತು ವರ್ಷ ಅದೇ ಹೆರಮಣೆಯ ಮೇಲೆ ಕೂತಳು.

ಅವಳ ಕೊನೆಗಾಲದಲ್ಲಿ ನಾವು ತಾಂಬರಂನಲ್ಲಿದ್ದೆವು. ಒಂದು ದಿನ ಅವಳಿಗೆ ಗಂಜಿ ಕುಡಿಸುತ್ತಿದ್ದೆ. ಸುಮ್ಮನೆ, ಹವೆಯ ಮಾತು ಹೇಳುವ ಹಾಗೆ ಹೇಳಿದಳು.

"ನೀನ್ ಅವತ್ತ್ ಅಂಜಲೈ ಮನಿಗ್ ಹೋಯ್ಲಿಲ್ಲೆ."

ಚಮಚವನ್ನು ಬಟ್ಟಲಿಗೆ ಇಟ್ಟೆ.

"ಕಡಲ್ ಬದಿಗ್ ಹೋಯಿ ಬಂದವಳ್ ಕಾಲಂಗೆ ಒಂಚೂರೂ ಮರಳ್ ಇರ್ಲಿಲ್ಲೆ."

ಇಷ್ಟು ವರ್ಷ ಯಾಕೆ ಬೈಯಲಿಲ್ಲ ಅಂತ ಕೇಳಿದೆ.

"ಬೈದಿದ್ರೆ ನೀನ್ ಬಾಯ್ ಮುಚ್ಕಂತಿದ್ದೆ. ಮರುದಿನ ನನ್ನ ಮಾತ್ ಯಾರ್ ಹೇಳುದ್? ನಂಗೆ ಇದ್ದದ್ದ್ ಒಂದೇ ಬಾಯ್."

ಆಮೇಲೆ ಗಂಜಿ ಬೇಡ ಅಂದಳು.

ರಾಯಪುರಂಗೆ ಹೋಗಿ ನೋಡಿದ್ದೇನೆ. ಹೋಟೆಲಿದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ಕುಪ್ಪದ ಮುಂದೆ ಮರಳೇ ಇಲ್ಲ, ಕರಿಕಲ್ಲು ಸುರಿದಿದ್ದಾರೆ, ಈಗ ಯಾರು ಹೋಗಿ ಬಂದರೂ ಕಾಲು ಸ್ವಚ್ಛ. ಅಂಜಲೈಯ ಹೆಸರು ಹೇಳಿದರೆ ಯಾವ ಅಂಜಲೈ ಅಂತಾರೆ. ಮೊಮ್ಮಗಳಿಗೆ ಕಾಯ್ ಗೊತ್ತಿಲ್ಲ, ಪಳಂ ಗೊತ್ತಿಲ್ಲ. ಸಿಟ್ಟು ಬಂದರೆ ಫೋನಿನಲ್ಲಿ ಏನೋ ಒತ್ತುತ್ತಾಳೆ. ಕಾಯಿ ಅಂದರೂ ಅವಳಿಗೆ ಅರ್ಥವಾಗುವುದಿಲ್ಲ, ತೇಂಗಾ ಅನ್ನಬೇಕು. ಕಾಯ್ ಮತ್ತು ಕಾಯಿ, ಆ ಎರಡು ಮಾತೂ ಗೊತ್ತಿದ್ದ ಬಾಯಿ ಆ ಹಿತ್ತಲಿನಲ್ಲಿ ಒಂದೇ ಇತ್ತು. ಅದು ಐಸ್ ಅಂಗಡಿ ದಾಟಲಿಲ್ಲ.